ಎಂತಕ್ಕಿಂತ ಬೆಟರ್ರು?

ಶಿರಸಿಯಲ್ಲಿ ಮಳೆಗಾಲದ ಒಂದು ಸಂಜೆ, ಗೆಳೆಯರು ಕೂಡಿಸಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಅರ್ಧಕ್ಕೆ ಕರೆಂಟು ಹೋಯಿತು. ಮೈಕಿನ ಜೊತೆಗೆ ರೆಕಾರ್ಡಿಂಗೂ ನಿಂತಿತು. ಅಲ್ಲಿಂದ ಮುಂದಿನದನ್ನು ನೆನಪಿನಿಂದ ಬರೆದಿದ್ದೇನೆ. ಸಭೆಯಲ್ಲಿ ಹೇಳದೇ ಉಳಿದ ಒಂದೆರಡು ಮಾತೂ ಒಳಗೆ ನುಸುಳಿರಬಹುದು.

ಎಲ್ಲರಿಗೂ ನಮಸ್ಕಾರ.

ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದುಕೊಂಡೇ ಬಂದೆ. ಹದಿನೈದು ನಿಮಿಷದ ದಾರಿ. ಅಷ್ಟರೊಳಗೆ ಒಂದು ಶಬ್ದ ಮೂರು ಸಲ ಕಿವಿಗೆ ಬಿತ್ತು. ಕುಮಟೆಗೆ ಹೊರಟವರೊಬ್ಬರು, "ಈ ಮಳೆಯಲ್ಲಿ ದೇವಿಮನೆ ಘಟ್ಟಕ್ಕಿಂತ ಸುತ್ತಾದರೂ ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಇಳಿಯೋದೇ ಬೆಟರ್" ಅಂದರು. ಔಷಧಿ ಅಂಗಡಿಯಲ್ಲಿ ಒಬ್ಬ ತಾಯಿ, "ಮಾತ್ರೆಗಿಂತ ಸಿರಪ್ ಬೆಟರ್ರು, ನುಂಗ್ತಾನೆ" ಅಂದರು. ಮೂರನೆಯದು ಕೊಡೆಗೂ ರೇನ್‌ಕೋಟಿಗೂ ಇದ್ದ ಹಳೇ ವ್ಯಾಜ್ಯ. ಗೆದ್ದದ್ದು ಯಾವುದೆಂದು ಕೇಳಿಸಲಿಲ್ಲ, ಗೆದ್ದದ್ದು ಬೆಟರ್ ಅನ್ನುವುದು ಮಾತ್ರ ಕೇಳಿಸಿತು.

ಮೂವರಿಗೂ ಇಂಗ್ಲಿಷ್ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಶಬ್ದ ಆಡಲು ಅದು ಬೇಕಾಗಿಯೂ ಇಲ್ಲ. ಬಸ್ಸು, ಕಾರು, ಬೆಟರ್ರು. ಕೊನೆಗೊಂದು ಉಕಾರ ಹಾಕಿ ನಮ್ಮ ಮನೆ ಜಗಲಿಯ ಮೇಲೆ ಕೂರಿಸಿಕೊಂಡಾಗಿದೆ. ಇಂಗ್ಲಿಷ್ ಮಾಸ್ತರನಾಗಿ ಸವೆದವನು ನಾನು, ಹಾಗಾಗಿ "ಕನ್ನಡ ಹಾಳಾಯಿತು" ಎಂದು ಗೋಳಾಡುವ ಉಪನ್ಯಾಸ ಇದಲ್ಲ. ಹಾಳು ಮಾಡಿದವರಲ್ಲಿ ನಾನೂ ಒಬ್ಬ.

ಮೊದಲು ಒಂದು ಬೆರಗು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇಂಥ ಶಬ್ದ ರಾಶಿ ಇವೆ. ಬಿಗ್ಗರ್, ಸ್ಮಾಲರ್, ಟಾಲರ್, ಚೀಪರ್. ಅವುಗಳಲ್ಲಿ ನಮ್ಮ ಊರ ಮಾತಿಗೆ ಹೀಗೆ ಇಳಿದು ಬಂದದ್ದು ಬೆಟರ್ ಒಂದೇ. "ಆ ತೋಟಕ್ಕಿಂತ ಈ ತೋಟ ಬಿಗ್ಗರ್" ಎಂದು ಯಾರಾದರೂ ಹೇಳಿದರೆ ನಗುತ್ತೀರಿ. "ಈ ತೋಟ ಬೆಟರ್" ಅಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಸೀನಿಯರ್, ಜೂನಿಯರ್, ಮೇಜರ್, ಮೈನರ್ ಬಂದಿಲ್ಲವೇ ಎಂದು ಕೇಳಬಹುದು. ಬಂದಿವೆ. ಲ್ಯಾಟಿನ್ನಿನಲ್ಲಿ ಅವೂ ಹೋಲಿಕೆಯ ರೂಪಗಳೇ. ಆದರೆ ಅವು ಕಚೇರಿ, ಕೋರ್ಟು, ಆಪರೇಷನ್ ಥಿಯೇಟರಿನ ಬಾಗಿಲಿನಿಂದ ಬಂದವು. ಬೆಟರ್ ಬಂದದ್ದು ಅಡುಗೆಮನೆಯ ಬಾಗಿಲಿನಿಂದ.

ಯಾಕೆ ಇದೊಂದೇ? ಕನ್ನಡಕ್ಕೆ ಇದರ ಅಗತ್ಯವೇ ಇರಲಿಲ್ಲವಲ್ಲ. ನಮ್ಮಲ್ಲಿ ಹೋಲಿಸುವ ಕೆಲಸವನ್ನು ಗುಣವಾಚಕ ಮಾಡುವುದೇ ಇಲ್ಲ. ಒಳ್ಳೆಯದು ಒಳ್ಳೆಯದಾಗಿಯೇ ಇರುತ್ತದೆ, ದೊಡ್ಡದು ದೊಡ್ಡದೇ. ಹೊರೆ ಹೊರುವುದು 'ಗಿಂತ'. ಅದಕ್ಕಿಂತ ಇದು ಒಳ್ಳೆಯದು, ಮುಗಿಯಿತು. ಸುತ್ತಲಿನ ಭಾಷೆಗಳೂ ಹೀಗೆಯೇ. ತಮಿಳಿನಲ್ಲಿ 'ವಿಡ', ಅಂದರೆ ಬಿಟ್ಟು. ಅದನ್ನು ಬಿಟ್ಟು ಇದು ಒಳ್ಳೆಯದು. ಮರಾಠಿಯಲ್ಲಿ 'ಪೇಕ್ಷಾ', ನಮ್ಮ ಅಪೇಕ್ಷೆಯದೇ ರೂಪ. ಕಾರವಾರದ ಕೊಂಕಣಿಯಲ್ಲಿ 'ಪರಸ'. ಎಲ್ಲರೂ ಹೊರೆಯನ್ನು ಹೆಸರಿನ ತಲೆಯ ಮೇಲೆ ಇಟ್ಟವರೇ, ಗುಣದ ತಲೆಯ ಮೇಲೆ ಇಟ್ಟವರು ಯಾರೂ ಇಲ್ಲ.

ಹನ್ನೆರಡನೆಯ ಶತಮಾನದ ಬಸವಣ್ಣನವರ ಮಾತು ನಿಮಗೆಲ್ಲ ಬಾಯಿಪಾಠ: ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ. ಎರಡು 'ಗಿಂತ', ಎರಡು 'ಇಲ್ಲ', ಅಷ್ಟರಲ್ಲೇ ಇಡೀ ಅಳತೆಗೋಲು ಕೆಳಗಿನಿಂದ ಮೇಲಿನವರೆಗೆ ನಿಂತುಬಿಟ್ಟಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಇದೂ ಅದೇ ವರಸೆ. ಅತ್ಯಂತ ಎನ್ನುವ ಅರ್ಥ ಬೇಕಾದರೆ ನಮ್ಮವರು 'ಇಲ್ಲ' ಹಾಕಿ ಎದುರಾಳಿಗಳನ್ನೆಲ್ಲ ಒಂದೇ ಸಲ ಗುಡಿಸಿ ಹಾಕುತ್ತಿದ್ದರು. ಸರ್ವಜ್ಞನದು ಇನ್ನೊಂದು ದಾರಿ, ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೇ ಮೇಲು. ಕೋಟಿಯನ್ನು ಸಾಲಾಗಿ ನಿಲ್ಲಿಸಿ ಒಂದರ ಕಡೆ ಬೆರಳು ತೋರಿಸಿದರಾಯಿತು. ನನಗೆ ಎಲ್ಲಕ್ಕಿಂತ ಇಷ್ಟದ್ದು 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬ ಗಾದೆ. ಹೋಲಿಕೆಯ ಪ್ರತ್ಯಯವೂ ಇಲ್ಲ, ಪದವೂ ಇಲ್ಲ. ಸೇರು, ಪಾವು ಅಳೆದವರು ಮಾಡಿದ ಗಾದೆ ಅದು.

ಇಷ್ಟೆಲ್ಲ ಇದ್ದೂ ನಾವು "ಅದಕ್ಕಿಂತ ಇದು ಬೆಟರ್" ಅನ್ನುತ್ತೇವೆ. 'ಗಿಂತ' ಒಂದು ಸಲ ಹೋಲಿಸಿತು, ಬೆಟರ್ ಇನ್ನೊಂದು ಸಲ. ಒಂದು ಸೊಂಟಕ್ಕೆ ಎರಡು ಉಡಿದಾರ. ನಮ್ಮ ಮಕ್ಕಳು ಇಂಗ್ಲಿಷ್ ಪರೀಕ್ಷೆಯಲ್ಲಿ 'ಮೋರ್ ಬೆಟರ್' ಎಂದು ಬರೆಯುವುದೂ ಇದೇ ಕಾರಣಕ್ಕೆ. ಅವರ ಕಿವಿಯಲ್ಲಿ ಬೆಟರ್ ಎಂದರೆ ಬರೀ ಒಳ್ಳೆಯದು. ಹೋಲಿಸಬೇಕಾದರೆ ಹೊರಗಿನಿಂದ ಏನಾದರೂ ತಂದು ಹಚ್ಚಬೇಕಲ್ಲ, ಮೋರ್ ತಂದು ಹಚ್ಚುತ್ತಾರೆ. ಕರಾವಳಿಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಈ ಮೋರ್ ಮೇಲೆ ನಾನು ಸುರಿದ ಕೆಂಪು ಶಾಯಿಯಲ್ಲಿ ಒಂದು ದೋಣಿ ತೇಲಿಸಬಹುದಿತ್ತು. ಆಮೇಲೆ ಯಾವಾಗಲೋ ಟೆಂಪೆಸ್ಟ್ ನಾಟಕವನ್ನು ಮತ್ತೆ ಓದುವಾಗ ಮುಖಕ್ಕೆ ಹೊಡೆದಂತಾಯಿತು. ಮೊದಲ ಅಂಕದಲ್ಲೇ ಪ್ರಾಸ್ಪೆರೊ ಮಗಳಿಗೆ, ನೀನು ತಿಳಿದಿರುವ ಈ ಬಡ ಗವಿಯ ಒಡೆಯನಿಗಿಂತ ನಾನು ಹೆಚ್ಚಿನವನು ಎನ್ನುವ ಜಾಗದಲ್ಲಿ, ಷೇಕ್ಸ್‌ಪಿಯರ್ ಬರೆದದ್ದು 'ಮೋರ್ ಬೆಟರ್' ಎಂದೇ. ಆ ಕಾಲದ ಇಂಗ್ಲಿಷಿನಲ್ಲಿ ಅದು ತಪ್ಪಾಗಿರಲಿಲ್ಲ. ತಪ್ಪು ಎಂದು ಗೆರೆ ಎಳೆದವರು ಹದಿನೆಂಟನೆಯ ಶತಮಾನದ ವ್ಯಾಕರಣದವರು. ರಾಬರ್ಟ್ ಲೌತ್ 1762ರಲ್ಲಿ ಬರೆದ ವ್ಯಾಕರಣದಲ್ಲಿ ಅದನ್ನು ಕೂಡದು ಎಂದ. ನಾನು ಕಾರವಾರದ ಮಕ್ಕಳ ಮೇಲೆ ಓಡಿಸಿದ್ದು ಅವನ ಪೆನ್ನು.

ಎರಡು ಉಡಿದಾರದ ಮಾತಿಗೆ ಇಲ್ಲಿರುವ ವೈದಿಕರು ಮುಗುಳುನಗುತ್ತಿದ್ದಾರೆ. ಸ್ವಲ್ಪ ತಡೆಯಿರಿ. ನಿಮ್ಮ ಮನೆಯ ಮದುವೆ ಕಾಗದದಲ್ಲಿ 'ಉತ್ತರೋತ್ತರ ಶ್ರೇಯಸ್ಸು' ಎಂದು ಇರುತ್ತದಲ್ಲ, ಅದನ್ನು ಬಿಚ್ಚಿ ನೋಡೋಣ. ಸಂಸ್ಕೃತದಲ್ಲಿ 'ಉದ್' ಎಂದರೆ ಮೇಲೆ. ಅದಕ್ಕೆ 'ತರ' ಸೇರಿ ಉತ್ತರ, ಅಂದರೆ ಇನ್ನೂ ಮೇಲಿನದು. 'ತಮ' ಸೇರಿ ಉತ್ತಮ, ಎಲ್ಲಕ್ಕಿಂತ ಮೇಲಿನದು. ಮೈಮೇಲೆ ಹೊದೆಯುವ ಬಟ್ಟೆಗೆ ಉತ್ತರೀಯ ಎನ್ನುವುದು ಅದಕ್ಕೇ, ಬಡಗು ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಭೂಮಿ ಏರುತ್ತ ಹೋಗಿ ಹಿಮಾಲಯ ನಿಂತ ದಿಕ್ಕಾದ್ದರಿಂದ ಬಡಗು ದಿಕ್ಕಿಗೆ ಉತ್ತರ ಎಂದರು. ಶ್ರೇಯಸ್ ಎನ್ನುವುದೂ ಹೋಲಿಕೆಯ ರೂಪವೇ, ನೇರವಾಗಿ ಬೆಟರ್. ಅದರ ತುದಿ ಶ್ರೇಷ್ಠ, ಅಂದರೆ ಬೆಸ್ಟ್. ಗೀತೆಯಲ್ಲಿ 'ಶ್ರೇಯಾನ್ ಸ್ವಧರ್ಮಃ' ಎಂದು ಕೃಷ್ಣ ಹೇಳುವಾಗ ಸ್ವಧರ್ಮ ಒಳ್ಳೆಯದು ಎನ್ನುತ್ತಿಲ್ಲ. ಚೆನ್ನಾಗಿ ಮಾಡಿದ ಪರಧರ್ಮಕ್ಕಿಂತ, ಕುಂದಿದ್ದರೂ ಅದು ಮೇಲು ಎನ್ನುತ್ತಿದ್ದಾನೆ. ಅಲ್ಲಿ ಹೋಲಿಕೆ ಜೀವಂತವಾಗಿದೆ. ಕನ್ನಡಕ್ಕೆ ಬಂದ ಮೇಲೆ? ಶ್ರೇಯಸ್ಸು ಸಮಿತಿಯ ಅಧ್ಯಕ್ಷರಿಗೆ ಸಲ್ಲುವ ವಸ್ತುವಾಯಿತು. ಉತ್ತಮ ಮಾರ್ಕ್ಸ್ ಕಾರ್ಡಿನ ಒಂದು ಸಾಲಾಯಿತು, ಅದಕ್ಕೂ ಮೇಲೆ ಅತ್ಯುತ್ತಮ ಬಂತು. ಎಲ್ಲಕ್ಕಿಂತ ಮೇಲಿನದರ ಮೇಲೆ ಇನ್ನೊಂದು! ಇದು ಮೋರ್ ಬೆಟರ್ ಅಲ್ಲದೆ ಮತ್ತೇನು? ವೇದದವರೂ ಇದಕ್ಕೆ ಹೊರತಲ್ಲ. ಯಜುರ್ವೇದದ ಮೊದಲ ಮಂತ್ರದಲ್ಲೇ 'ಶ್ರೇಷ್ಠತಮಾಯ ಕರ್ಮಣೇ' ಎಂದಿದೆ. ಶ್ರೇಷ್ಠಕ್ಕೆ ಮತ್ತೆ ತಮ. ಅದಕ್ಕೆ ಕೆಂಪು ಶಾಯಿ ಹಾಕುವ ಧೈರ್ಯ ನನಗಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ಬೆಟರ್, ಉರ್ದುವಿನ ಬೆಹ್ತರ್ ಎರಡೂ ಒಂದೇ ಬೇರಿನವು ಎಂದು ಭಟ್ಕಳದಲ್ಲಿ ಒಬ್ಬರು ನನ್ನ ಜೊತೆ ವಾದಕ್ಕೆ ಕೂತಿದ್ದರು. ಅಲ್ಲ, ಅದು ಬರೀ ಕಾಕತಾಳೀಯ. ಬೆಹ್ತರ್ ಪರ್ಷಿಯನ್ ಶಬ್ದ, 'ಬೆಹ್'ಗೆ 'ತರ್' ಸೇರಿದ್ದು, ಆ ತರ್ ನಮ್ಮ ಉತ್ತರದ ತರದ ಒಡಹುಟ್ಟು. ಬೆಟರಿನ ಕೊನೆಯ 'ಅರ್' ಇದೆಯಲ್ಲ, ಅದು ಬೇರೆ ಮನೆಯದು. ಹಿಂದಕ್ಕೆ ಹಿಡಿದು ಹೋದರೆ ಶ್ರೇಯಸ್ಸಿನ 'ಯಸ್' ಇರುವ ಮನೆಗೆ ತಲುಪುತ್ತದೆ. ಅಂದರೆ ಮದುವೆ ಕಾಗದದ ಶ್ರೇಯಸ್ಸಿನ ಬಾಲವೂ ಔಷಧಿ ಅಂಗಡಿಯ ಬೆಟರಿನ ಬಾಲವೂ ದಾಯಾದಿಗಳು. ಮತ್ತೆ, ನಾವು ಕೂತ ಈ ಜಿಲ್ಲೆ. 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಹೋಗಿ, 1956ರಲ್ಲಿ ಮೈಸೂರಿಗೆ ಬಂದು, ಕೊನೆಗೆ ಉತ್ತರ ಕನ್ನಡ ಎನಿಸಿಕೊಂಡದ್ದು. ಹೆಸರಿನಲ್ಲೇ ಒಂದು ಹೋಲಿಕೆ ಇಟ್ಟುಕೊಂಡವರು ನಾವು. ಮೇಲಿನ ಕನ್ನಡ. ದಕ್ಷಿಣದವರಿಗೆ ಇದನ್ನು ಹೇಳಬೇಡಿ.

(ಇಲ್ಲಿ ಕರೆಂಟು ಹೋಯಿತು. ಯಾರೋ ಮೊಬೈಲ್ ಬೆಳಕು ಹಿಡಿದರು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಹಾಗಾಗಿ ಮುಂದಿನದನ್ನು ಸ್ವಲ್ಪ ಕೂಗಿಯೇ ಹೇಳಬೇಕಾಯಿತು.)

ಇಷ್ಟು ಹೊತ್ತು ಹೇಳಿದ್ದರ ಅರ್ಥ, ಹೊರಗಿನ 'ಬೆಟರ್'ಗಳು ಕನ್ನಡಕ್ಕೆ ಹಿಂದಿನಿಂದಲೂ ಬರುತ್ತಿವೆ. ಬಂದವುಗಳ ಹಲ್ಲನ್ನು 'ಗಿಂತ' ಉದುರಿಸುತ್ತದೆ. ಈ ಇಂಗ್ಲಿಷ್ ಬೆಟರ್ರಿಗೂ ಅದೇ ಗತಿ ಎಂದು ನಾನು ಬಹಳ ಕಾಲ ನಂಬಿದ್ದೆ. 'ಪರವಾಗಿಲ್ಲ' ನೋಡಿ, ಅದರ ಪರವಾ ಪರ್ಷಿಯನ್ನಿನದು, ಈಗ ಯಾರಿಗೆ ಗೊತ್ತಾಗುತ್ತದೆ?

ಬೆಟರ್ ಬಂದು ಕೂತದ್ದು ಯಾರ ಮಣೆಯ ಮೇಲೆ ಎಂದು ಹುಡುಕಿದರೆ 'ವಾಸಿ' ಸಿಗುತ್ತದೆ. ಬಯಲುಸೀಮೆಯ ಕಡೆ ಈಗಲೂ ಇದೆ. ಅದಕ್ಕಿಂತ ಇದೇ ವಾಸಿ, ಜ್ವರ ವಾಸಿಯಾಯಿತು. ಎರಡರಲ್ಲಿ ಮೇಲಾದದ್ದಕ್ಕೂ ಕಾಯಿಲೆ ಗುಣವಾದದ್ದಕ್ಕೂ ಒಂದೇ ಶಬ್ದ. ಇಂಗ್ಲಿಷಿನ ಬೆಟರಿಗೂ ಸರಿಯಾಗಿ ಇದೇ ಎರಡು ಕೆಲಸ. ಇಂಥ ಅಚ್ಚುಕಟ್ಟಾದ ಜೋಡಿ ಅಪರೂಪ. ಘಟ್ಟದ ಮೇಲೆ ನಮ್ಮ ಹವ್ಯಕ ಮಾತಿನಲ್ಲಿ ಆ ಮಣೆ 'ಅಡ್ಡಿಲ್ಲೆ'ಯದು. ಅಡ್ಡಿಲ್ಲೆ ಎಂದರೆ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಯಕ್ಷಗಾನ ನೋಡಿ ಬಂದು "ಭಾಗವತಿಕೆ ಅಡ್ಡಿಲ್ಲೆ" ಅಂದರೆ ಆ ಭಾಗವತರು ಬದುಕಿದರು ಎಂದೇ ಲೆಕ್ಕ.

ಇಂಥ ಶಬ್ದ ಏಕೆ ಬೇಕೆಂದರೆ, 'ಒಳ್ಳೆಯದು' ಎನ್ನಲು ಕೆಲವು ಕಡೆ ನಾಲಿಗೆ ಏಳುವುದಿಲ್ಲ. ಎರಡೂ ರಸ್ತೆ ಗುಂಡಿಬಿದ್ದಿರುವಾಗ ಇದು ಒಳ್ಳೆಯದು ಎಂದರೆ ಸುಳ್ಳು ಹೇಳಿದಂತೆ. ವಾಸಿ, ಅಡ್ಡಿಲ್ಲೆ, ಈಗ ಬೆಟರ್, ಇವು ಇರುವುದು ಎರಡು ಕೆಟ್ಟದ್ದರಲ್ಲಿ ಒಂದನ್ನು ಆರಿಸುವವರಿಗೆ. ಬುದ್ಧಿ ಹೇಳುವುದಕ್ಕೂ ಅದೇ ಮೆತ್ತಗೆ. ಇಂಗ್ಲಿಷಿನಲ್ಲಿ 'ಯು ಹ್ಯಾಡ್ ಬೆಟರ್ ಗೋ' ಅಂದರೆ ಒಳಗೊಂದು ಬೆದರಿಕೆ ಇರುತ್ತದೆ, ಹೋಗದಿದ್ದರೆ ನೋಡು ಎಂಬಂತೆ. ನಮ್ಮಲ್ಲಿ "ಒಂದ್ಸಲ ಡಾಕ್ಟರಿಗೆ ತೋರ್ಸೋದು ಬೆಟರ್" ಅಂದರೆ ಬರೀ ಅಕ್ಕರೆ. ಅದೇ ಶಬ್ದ ಘಟ್ಟ ಹತ್ತಿ ಬರುವಾಗ ಕೋರೆಹಲ್ಲು ಕಳಚಿಟ್ಟು ಬಂತು.

ಹಾಗಿದ್ದರೆ ನನ್ನ ತಕರಾರು ಏನು?

ಕಾರವಾರದಲ್ಲಿದ್ದಾಗ ಜೊತೆಗಿದ್ದ ಮಾಸ್ತರರೊಬ್ಬರ ಸಂಗಡ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ನಾನು ತಿನ್ನುವವನಲ್ಲ, ಚೀಲ ಹಿಡಿಯುವವನು. ಅವರು ಎರಡು ಬುಟ್ಟಿ ಬಂಗಡೆ ತೋರಿಸಿ "ಯಾವುದು ಬೆಟರ್?" ಎಂದು ಕೇಳುತ್ತಿದ್ದರು. ಮಾರುವ ಹೆಂಗಸು ಬೆಟರ್ ಎಂಬ ಶಬ್ದವನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಬಂಗಡೆ ಎತ್ತಿ ಕಿವಿರು ಬಿಡಿಸಿ ಕೆಂಪು ತೋರಿಸುತ್ತಿದ್ದಳು, ಬೆರಳಿನಿಂದ ಒತ್ತಿ ಮೈ ಮತ್ತೆ ಏಳುವುದನ್ನು ತೋರಿಸುತ್ತಿದ್ದಳು. ಇನ್ನೊಂದು ಬುಟ್ಟಿಯ ಕಡೆ ನೋಡದೆಯೇ "ಅದು ನಿನ್ನೆದು" ಅನ್ನುತ್ತಿದ್ದಳು. ಅದಾದ ಮೇಲೆ ಹೋಲಿಕೆ ನಮಗೆ ಬಿಟ್ಟದ್ದು.

ಶಿರಸಿಯ ಅಡಿಕೆ ವಖಾರಿಗೆ ಬನ್ನಿ. ಕೆಂಪಡಿಕೆಯಲ್ಲಿ ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು. ಬಿಳಿಯಲ್ಲಿ ಚಾಲಿ, ಬಿಳೆಗೋಟು, ಕೋಕಾ. ಚಾಲಿಯಲ್ಲಿ ನಿಲ್ಲದ್ದು ಬಿಳೆಗೋಟಿಗೆ, ಅಲ್ಲೂ ನಿಲ್ಲದ್ದು ಕೋಕಾಕ್ಕೆ. ದರದ ಪಟ್ಟಿಯಲ್ಲಿ ಗುಡ್, ಬೆಟರ್, ಬೆಸ್ಟ್ ಎಂದು ಎಲ್ಲೂ ಇಲ್ಲ. ಆರಿಸುವವರು ಅಡಿಕೆಯನ್ನು ಅಡಕತ್ತರಿಗೆ ಕೊಟ್ಟು ಒಳಗಿನ ಬಣ್ಣ ನೋಡುತ್ತಾರೆ. ಒಂದೊಂದು ಹೆಸರೂ ಒಂದೊಂದು ಕಾರಣ. ನಿಮ್ಮ ಅಡಿಕೆ ಕೋಕಾಕ್ಕೆ ಹೋಯಿತು ಅಂದರೆ ಏಕೆ ಹೋಯಿತು ಎಂದು ಕೇಳಬೇಕಾಗಿಲ್ಲ, ಬೆಳೆದವನಿಗೆ ಗೊತ್ತಿರುತ್ತದೆ.

ಈಗ ವ್ಯಾಕರಣಕ್ಕೆ ಒಂದು ಸಲ ತಿರುಗಿ ಹೋಗುತ್ತೇನೆ, ಇಷ್ಟು ಹೇಳಲೆಂದೇ ಬಂದದ್ದು. 'ಗಿಂತ' ಒಂಟಿಯಾಗಿ ನಿಲ್ಲಲಾರದು. ಅದರ ಹಿಂದೆ ಒಂದು ಹೆಸರು ಬೇಕೇ ಬೇಕು. ಅದಕ್ಕಿಂತ, ನಿನ್ನೆಗಿಂತ, ಅಣ್ಣನಿಗಿಂತ. ಕನ್ನಡದಲ್ಲಿ ಹೋಲಿಸಲು ಹೊರಟವನು ಯಾವುದರ ಜೊತೆ ಎಂದು ಹೇಳಿಯೇ ಮುಂದೆ ಹೋಗಬೇಕಿತ್ತು. ಬೆಟರ್ ಹಾಗಲ್ಲ. ಹೋಲಿಕೆ ಅದರ ಹೊಟ್ಟೆಯಲ್ಲೇ ಇದೆ, ಜೊತೆಗಾರ ಬೇಡ. "ಬೆಟರ್ ಇದೆ" ಎಂದು ಹೇಳಿ ಸುಮ್ಮನೆ ಎದ್ದು ಹೋಗಬಹುದು. 'ಇದೇ ವಾಸಿ' ಎನ್ನುವಾಗಲೂ ಆ ಇನ್ನೊಂದು ಬಿಟ್ಟು ಹೋಗುತ್ತದೆ ನಿಜ, ಆದರೆ ಆ 'ಇದೇ' ಅನ್ನುವುದರ ನೆರಳಿನಲ್ಲಿ 'ಅದು' ನಿಂತಿರುತ್ತದೆ. ಬರೀ ಬೆಟರಿಗೆ ನೆರಳೂ ಇಲ್ಲ. ಜಾಹೀರಾತಿನವರು ಇದನ್ನು ಬಹಳ ಮೊದಲೇ ಕಂಡುಕೊಂಡರು: ಬೆಟರ್ ಮೈಲೇಜ್, ಬೆಟರ್ ನೆಟ್‌ವರ್ಕ್. ಅವರ ವಿಷಯ ಬಿಡಿ.

ನನಗೆ ಇದು ಹೊಳೆದದ್ದು ಓದಿನಿಂದ ಅಲ್ಲ. ಕೆಲವು ವರ್ಷಗಳ ಹಿಂದೆ ಅಪ್ಪಯ್ಯನಿಗೆ ಜೋರಾಯಿತು. ನಮ್ಮ ಜಿಲ್ಲೆಯವರ ಹಣೆಬರಹ ನಿಮಗೆ ಗೊತ್ತೇ ಇದೆ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಆಂಬ್ಯುಲೆನ್ಸ್ ಓಡಬೇಕು. ತಮ್ಮ ಜೊತೆಗೆ ಹೋದ. ನಾನು ಇಲ್ಲೇ ಉಳಿದೆ, ಕೊಟ್ಟಿಗೆ, ತೋಟ, ಹಾಸಿಗೆ ಹಿಡಿದ ಆಯಿ, ಅಂದರೆ ಅಮ್ಮ. ದಿನಾ ಸಂಜೆ ಅವನ ಫೋನು.

"ಹ್ಯಾಂಗಿದ್ದ ಅಪ್ಪಯ್ಯ?"

"ಬೆಟರ್ ಇದ್ದು ಅಂದ್ರು."

ಎಂಟು ದಿನ ಅದೇ ಮಾತು. ನಾನು ಅದನ್ನೇ ಆಯಿಗೆ ಹೇಳುತ್ತಿದ್ದೆ. ಆಯಿ ಶಾಲೆಗೆ ಹೋದವಳಲ್ಲ. ಎಂಟನೆಯ ದಿನ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, "ಎಂತಕ್ಕಿಂತ ಬೆಟರ್ರು?"

ನನ್ನ ಬಳಿ ಉತ್ತರ ಇರಲಿಲ್ಲ. ಮೂವತ್ತು ವರ್ಷ ಪಾಸಿಟಿವ್, ಕಂಪ್ಯಾರಟಿವ್, ಸೂಪರ್ಲೇಟಿವ್ ಎಂದು ಬೋರ್ಡಿನ ಮೇಲೆ ಬರೆದವನು ನಾನು. 'ದ್ಯಾನ್' ಬಿಟ್ಟು ಬರೆದರೆ ಅರ್ಧ ಮಾರ್ಕು ಕಳೆಯುತ್ತಿದ್ದವನು. ಎಂಟು ದಿನ ನನಗೆ ಆ ಪ್ರಶ್ನೆ ಬಂದೇ ಇರಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಹೋದೆ. ಅಪ್ಪಯ್ಯನಿಗೆ ಮಾತಿರಲಿಲ್ಲ, ಗುರುತೂ ಇದ್ದಂತೆ ಕಾಣಲಿಲ್ಲ. ಬಹುಶಃ ಮೊದಲ ದಿನದ ರಾತ್ರಿಗಿಂತ ಬೆಟರ್ ಇದ್ದಿರಬೇಕು.

ಆಯಿ ತಾನೇ ವರದಿ ಕೊಡುವುದಾಗಿದ್ದರೆ ಹೇಗಿರುತ್ತಿತ್ತು ಎಂದು ನನಗೆ ಗೊತ್ತು. ಗಂಜಿ ಎರಡು ಚಮಚ ಹೋತು. ಕಣ್ಣು ಬಿಟ್ಟ. ಹೆಸರು ಹಿಡಿದು ಕರೆದರೆ ಹೂಂಗುಟ್ಟಿದ್ದಿಲ್ಲೆ. ಅದರಲ್ಲಿ ಹೋಲಿಕೆಯೇ ಇರುತ್ತಿರಲಿಲ್ಲ. ಮೀನಿನ ಬುಟ್ಟಿಯ ಹೆಂಗಸು ಕಿವಿರು ಬಿಡಿಸಿದ ಹಾಗೆ ಬಿಡಿಸಿ ಇಡುತ್ತಿದ್ದಳು. ನಿನ್ನೆಗೂ ಇವತ್ತಿಗೂ ಇರುವ ಅಂತರವನ್ನು ಕೇಳಿದವರು ಅಳೆದುಕೊಳ್ಳಬೇಕಿತ್ತು.

ನನ್ನ ತಕರಾರು ಇಷ್ಟೇ. ಶಬ್ದ ಇಂಗ್ಲಿಷಿನದೆಂದು ಅಲ್ಲ. 'ಗಿಂತ'ವನ್ನು ಮನೆಯಲ್ಲೇ ಬಿಟ್ಟು ಅದೊಂದೇ ತಿರುಗಾಡುತ್ತದಲ್ಲ, ಅದಕ್ಕೆ. ಬೆಟರ್ ಅನ್ನಿ, ಅನ್ನುವವರನ್ನು ತಡೆಯಲು ನಾನ್ಯಾರು? ಎಂತಕ್ಕಿಂತ ಎಂದು ಆಯಿ ಕೇಳಿದರೆ ಹೇಳಲು ಒಂದು ಹೆಸರು ಕಿಸೆಯಲ್ಲಿ ಇಟ್ಟುಕೊಂಡಿರಿ. ನಮಸ್ಕಾರ.

ಇಲ್ಲಿಗೆ ಮಾತು ಮುಗಿಸಿ ಕೂತೆ. ಕತ್ತಲೆಯಲ್ಲೇ ಚಪ್ಪಾಳೆ ಬಿತ್ತು, ಚಹಾ ಬಂತು. ಪ್ರಶ್ನೆ ಇದ್ದರೆ ಕೇಳಬಹುದು ಎಂದರು. ಒಬ್ಬರು ಎದ್ದು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಒಂದು ಭಾಷಣ ಮಾಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ. ಮುಖ ಕಾಣಲಿಲ್ಲ. ಕುಮಟಾ, ಹೊನ್ನಾವರ ಕಡೆಯ ರಾಗ.

"ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಸರ್. ಈಗ ರಿಟೈರ್ ಆಗಿದೆ. ನಾವು ದಿನಕ್ಕೆ ನೂರು ಸಲ ಬೆಟರ್ ಇದೆ ಅಂತ ಹೇಳ್ತೇವೆ. ಎಂತಕ್ಕಿಂತ ಅಂತ ನಮಗೆ ಗೊತ್ತಿರ್ತದೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಸುಮಾರು ಗೊತ್ತಿರ್ತದೆ. ಆದ್ರೂ ಅವ್ರು ಮುಂದೆ ಕೇಳೋದಿಲ್ಲ, ನಾವು ಹೇಳೋದಿಲ್ಲ. ಅವತ್ತು ರಾತ್ರಿ ಅವ್ರು ಒಂದು ಊಟ ಮಾಡ್ಲಿ ಅಂತ."

ಸ್ವಲ್ಪ ನಿಂತು ಮತ್ತೆ ಕೇಳಿದರು. "ನಿಮ್ಮ ತಮ್ಮನವರು ದಿನಾ ಫೋನ್ ಇಟ್ಟ ಮೇಲೆ ಎಂತ ಮಾಡ್ತಿದ್ರು ಅಂತ ನೀವ್ ಯಾವತ್ತಾದ್ರೂ ಕೇಳಿದ್ರಾ?"

ಇಲ್ಲ ಅಂದೆ.

ಮನೆಗೆ ಬಂದವನು ತಮ್ಮನಿಗೆ ಫೋನ್ ಮಾಡಿದೆ. ಊಟ ಆಯ್ತನಾ ಅಂದೆ, ಆತು ಅಂದ. ಇಷ್ಟು ವರ್ಷದ ಮೇಲೆ ಅದನ್ನು ಎಲ್ಲಿಂದ ಶುರು ಮಾಡಿ ಕೇಳುವುದು ಎಂದು ಹೊಳೆಯಲಿಲ್ಲ. ತೋಟದಲ್ಲಿ ಈ ಸಲ ಕೊಳೆ ಹ್ಯಾಂಗಿದ್ದು ಅಂತ ಕೇಳಿದೆ.

"ಒಂದು ಮದ್ದು ಹೊಡೆದಾತು. ಹೋದ್ವರ್ಷಕ್ಕಿಂತ ಅಡ್ಡಿಲ್ಲೆ" ಅಂದ.